ಅಮ್ಮನ ಕೊನೆಯ ದಿನಗಳು: ನರ್ಸ್ ಇರುವಾಗ ಡೂಲಾ ಯಾಕೆ?

ಪ್ರಶ್ನೆ: ಮೇಡಂ, ಅಮ್ಮನಿಗೆ ಕ್ಯಾನ್ಸರ್. ಇನ್ನು ಗುಣವಾಗುವುದಿಲ್ಲ, ನೋವಾಗದ ಹಾಗೆ ನೋಡಿಕೊಳ್ಳಿ ಎಂದಿದ್ದಾರೆ ಡಾಕ್ಟರ್. ನರ್ಸ್ ಮನೆಗೆ ಬಂದು ಹೋಗುತ್ತಾರೆ. ಕೊನೆಗಾಲದ ಡೂಲಾ ಅಂತ ಇರುತ್ತಾರೆ, ಅವರನ್ನೂ ಕರೆಸು ಎಂದಳು ಗೆಳತಿ. ಅವರು ಬಂದು ಏನು ಮಾಡುತ್ತಾರೆ? ಇನ್ನೊಂದು ಮಾತು. ಅಮ್ಮ ಊಟ ಬಿಟ್ಟು ಮೂರು ದಿನವಾಯಿತು. ಅಣ್ಣ ಬಲವಂತವಾಗಿ ತಿನ್ನಿಸಲು ನೋಡುತ್ತಾನೆ. ದಿನಾ ಜಗಳ.

ಉತ್ತರ: ಊಟದ ವಿಷಯ ಮೊದಲು. ಬಾಯಿಹುಣ್ಣು, ವಾಕರಿಕೆ, ಮಲಬದ್ಧತೆ ಇದ್ದರೂ ಊಟ ಸೇರುವುದಿಲ್ಲ. ನರ್ಸ್‌ಗೆ ಇವತ್ತೇ ಹೇಳಿ, ನೋಡಲಿ. ಅದೇನೂ ಇಲ್ಲವಾದರೆ, ಸಾವು ಹತ್ತಿರವಾದಾಗ ಹಸಿವು ತಾನಾಗಿಯೇ ಹೋಗುತ್ತದೆ. ನುಂಗುವ ಶಕ್ತಿಯೂ ಕುಗ್ಗಿರುತ್ತದೆ. ಬಲವಂತ ಮಾಡಿದರೆ ತುತ್ತು ಶ್ವಾಸನಾಳಕ್ಕೆ ಹೋಗಬಹುದು. ಅವರಾಗಿ ಕೇಳಿದರೆ, ಪೂರ್ತಿ ಎಚ್ಚರವಿದ್ದಾಗ, ಎತ್ತಿ ಕೂರಿಸಿ ಒಂದೆರಡು ಚಮಚ ಕೊಡಿ. ಅಣ್ಣನಿಗೆ ಸುಮ್ನೆ ಕೂತಿರು ಅನ್ನಬೇಡಿ, ಆಗುವುದಿಲ್ಲ. ಒದ್ದೆ ಹತ್ತಿಯಿಂದ ಅಮ್ಮನ ತುಟಿ, ಬಾಯಿ ತೇವ ಮಾಡುವ ಕೆಲಸ ಅವರಿಗೇ ಬಿಡಿ. ಹೀಗೆ ಜಗಳ ನಿಂತ ಮನೆಗಳನ್ನು ನೋಡಿದ್ದೇನೆ.

ಇಂಥ ಜಗಳದ ನಡುವೆ ಕೂರುವುದೂ ಡೂಲಾ ಕೆಲಸವೇ! ಮೊದಲು ಈ ಹೆಸರು ಹೆರಿಗೆಯಲ್ಲಿ ಜೊತೆಗಿರುವವರಿಗಿತ್ತು. 2003ರಲ್ಲಿ ನ್ಯೂಯಾರ್ಕಿನಲ್ಲಿ, ಗುಣವಾಗದ ರೋಗಿಗಳನ್ನು ಕೊನೆಯವರೆಗೆ ನೋಡಿಕೊಳ್ಳುವ ಹಾಸ್ಪೈಸ್ ಒಂದರಲ್ಲಿ ಹೆನ್ರಿ ಫರ್ಸ್ಕೋ-ವೈಸ್ ಎಂಬವರು ಅದೇ ರೀತಿಯ ಜೊತೆಯನ್ನು ಸಾಯುತ್ತಿರುವವರಿಗೂ ಒದಗಿಸಲು ಶುರು ಮಾಡಿದರು. ನಾನೂ ಡೂಲಾ. ನಾವು ಇಂಜೆಕ್ಷನ್ ಕೊಡುವುದಿಲ್ಲ, ಮಾತ್ರೆ ಹೆಚ್ಚುಕಡಿಮೆ ಮಾಡುವುದಿಲ್ಲ. ಅದನ್ನೂ ಮಾಡುತ್ತೇನೆ ಅನ್ನುವ ಡೂಲಾ ಸಿಕ್ಕರೆ ದೂರವಿರಿ.

ಕೋಣೆಯಲ್ಲಿ ಯಾರಿರಬೇಕು, ಯಾರು ಬೇಡ, ದೀಪ ಎಷ್ಟಿರಬೇಕು, ಯಾವ ಹಾಡು ಬೇಕು ಎಂದು ರೋಗಿಯನ್ನೇ ಕೇಳಿ ಬರೆದಿಟ್ಟುಕೊಳ್ಳುತ್ತೇವೆ. ಇಷ್ಟವಿದ್ದರೆ ಅವರ ಮಾತನ್ನು ರೆಕಾರ್ಡ್ ಮಾಡುತ್ತೇವೆ, ಪತ್ರ ಬರೆದುಕೊಡುತ್ತೇವೆ. ಕೊನೆಯ ದಿನಗಳಲ್ಲಿ ಉಸಿರು ನಿಂತು ನಿಂತು ಬರಬಹುದು, ಗಂಟಲಲ್ಲಿ ಗೊರಗೊರ ಸದ್ದಾಗಬಹುದು, ಪಾದ ತಣ್ಣಗಾಗಬಹುದು. ಇದನ್ನೆಲ್ಲ ಮೊದಲೇ ಹೇಳಿರುತ್ತೇವೆ. ಗೊತ್ತಿದ್ದರೆ ಮಧ್ಯರಾತ್ರಿ ಅಷ್ಟು ಗಾಬರಿಯಾಗುವುದಿಲ್ಲ. ನೀವು ನಿದ್ದೆ ಮಾಡಲಿ ಎಂದು ರಾತ್ರಿ ಪಕ್ಕದಲ್ಲಿ ಕೂರುವುದೂ ಉಂಟು. ಎಲ್ಲ ಮುಗಿದ ಕೆಲವು ವಾರಗಳ ಮೇಲೆ ಮತ್ತೆ ಬರುತ್ತೇವೆ. ಅಷ್ಟು ಹೊತ್ತಿಗೆ ನೆಂಟರ ಫೋನ್ ನಿಂತಿರುತ್ತದೆ, ಮಾತಾಡಬೇಕು ಅನ್ನಿಸುವುದು ಆಗಲೇ.

ಮರುಪ್ರಶ್ನೆ: ಅಮ್ಮನ ಮುಂದೆ ಸಾವಿನ ಮಾತೇ ಎತ್ತಿಲ್ಲ. ನೀವು ಬಂದರೆ ಗೊತ್ತಾಗಿಬಿಡುತ್ತೆ ಅಲ್ವಾ?

ಉತ್ತರ: ಬಹಳಷ್ಟು ಜನರಿಗೆ ಮೊದಲೇ ಗೊತ್ತಿರುತ್ತದೆ, ಮಕ್ಕಳಿಗೆ ನೋವಾಗಬಾರದೆಂದು ಬಾಯಿ ಬಿಟ್ಟಿರುವುದಿಲ್ಲ. ನಾನಾಗಿ ಸಾವಿನ ಮಾತು ತೆಗೆಯುವುದಿಲ್ಲ. "ಈಗ ಯಾವುದು ಜಾಸ್ತಿ ಕಾಡುತ್ತಿದೆ?" ಎಂದಷ್ಟೇ ಕೇಳುತ್ತೇನೆ. ಅವರು ಬೆಕ್ಕಿನ ಬಗ್ಗೆ ಮಾತಾಡಿದರೆ ಆ ದಿನ ಬೆಕ್ಕಿನ ಮಾತೇ. ಆದರೆ ಅವರಾಗಿ ಕೇಳಿದರೆ ಸುಳ್ಳು ಹೇಳಲಾರೆ, ಇದು ನಿಮಗೆ ಮೊದಲೇ ಗೊತ್ತಿರಲಿ. ಕರೆಸುವ ಮುಂಚೆ ಅಮ್ಮನನ್ನು ಒಂದು ಮಾತು ಕೇಳಿ. ಬೇಡ ಅಂದರೆ ಬರುವುದಿಲ್ಲ, ನಿಮ್ಮ ಜೊತೆ, ಅಣ್ಣನ ಜೊತೆ ಫೋನಿನಲ್ಲೇ ಮಾತಾಡುತ್ತೇನೆ.