ಬಿಗಿಯದ ಲೋಡಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಮುಧೋಳ, ಜಮಖಂಡಿ ಕಡೆಯ ಲಾರಿ ಮತ್ತು ಕಬ್ಬಿನ ಟ್ರ್ಯಾಕ್ಟರ್ ಚಾಲಕರಿಗೆ ಹಂಚಲು ರಸ್ತೆ ಸುರಕ್ಷತೆಯ ಕರಪತ್ರವೊಂದನ್ನು ಸಿದ್ಧಮಾಡುತ್ತಿದ್ದೇವೆ. ಕೆಲವು ಭಾಗ ಬ್ರಿಟನ್ನಿನ ಸರಕು ಸಾಗಣೆ ಮಾರ್ಗದರ್ಶಿಯಿಂದ ತೆಗೆದದ್ದು. ಅಲ್ಲಿ ಮೇಲಿಂದ ಮೇಲೆ ಬರುವ ಮಾತು ‘ಇನ್‌ಸೆಕ್ಯೂರ್ ಲೋಡ್’. ಕರಡಿನಲ್ಲಿ ಅದು ‘ಅಸುರಕ್ಷಿತ ಸರಕು’ ಆಗಿತ್ತು. ಓದಿದ ಚಾಲಕರೊಬ್ಬರು “ಇದು ನಮಗಲ್ಲ ಬಿಡ್ರಿ, ಗ್ಯಾಸ್ ಟ್ಯಾಂಕರ್‌ನವ್ರಿಗೆ. ನಮ್ದು ಕಬ್ಬು” ಎಂದು ಹಾಳೆ ಮಡಚಿ ಕೊಟ್ಟರು. ಪೆಟ್ರೋಲು, ಆ್ಯಸಿಡ್ಡು ತಾವೇ ಅಪಾಯದ ಸರಕು. ಇಲ್ಲಿ ಹೇಳಬೇಕಾದದ್ದು ಸಾಧು ಸರಕನ್ನು ಬಿಗಿಯದೆ ಒಯ್ಯುವುದು.

ರೂಢಿಯಲ್ಲಿ ಎಲ್ಲಕ್ಕೂ ‘ಓವರ್‌ಲೋಡ್’ ಎಂದುಬಿಡುತ್ತಾರೆ. ಕಾನೂನು ಹಾಗನ್ನುವುದಿಲ್ಲ. ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಲ್ಲಿ ತೂಕ ಮೀರಿದರೆ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000. ಲೋಡು ಮಿತಿ ಮೀರಿ ಅಕ್ಕಪಕ್ಕ, ಹಿಂದೆಮುಂದೆ, ಎತ್ತರಕ್ಕೆ ಚಾಚಿದರೆ ಅದಕ್ಕೆ ಬೇರೆಯೇ 20,000. ತೂಕವೂ ಸರಿ, ಅಳತೆಯೂ ಸರಿ, ಹಗ್ಗ ಮಾತ್ರ ಸಡಿಲ ಎನ್ನುವ ಗಾಡಿಯನ್ನು ಓವರ್‌ಲೋಡ್ ಅಂದರೆ ಚಾಲಕ ನಗುತ್ತಾನೆ.

ಇಳಕಲ್ಲಿನ ಗ್ರಾನೈಟ್ ಲಾರಿಯವರದು ಇನ್ನೊಂದು ವಾದ: “ಇಷ್ಟ್ ಭಾರದ್ದು ಎಲ್ಲಿ ಹೊಕ್ಕೈತ್ರಿ?” ಎಲ್ಲಿಗೆಂದರೆ, ಜೋರಾಗಿ ಬ್ರೇಕ್ ಒತ್ತಿದಾಗ ನೇರ ಕ್ಯಾಬಿನ್ನಿಗೆ. ಬ್ರಿಟನ್ನಿನ ನಿಯಮದಂತೆ ಕಟ್ಟು ಮುಂದಕ್ಕೆ ಲೋಡಿನ ಪೂರ್ತಿ ತೂಕವನ್ನು, ಹಿಂದಕ್ಕೂ ಪಕ್ಕಕ್ಕೂ ಅರ್ಧ ತೂಕವನ್ನು ತಡೆಯಬೇಕು. 20 ಟನ್ ಕಲ್ಲಾದರೆ ಮುಂದಕ್ಕೆ 20, ಉಳಿದ ಕಡೆ 10. ಭಾರ ಹೆಚ್ಚಿದಷ್ಟೂ ಬಿಗಿತ ಹೆಚ್ಚಬೇಕು. ಆದ್ದರಿಂದ ನಮ್ಮ ಪದದಲ್ಲಿ ತೂಕದ ಸುಳಿವು ಬೇಡ, ಕಟ್ಟಿನ ಸುಳಿವು ಬೇಕು.

‘ಲೋಡ್’ಗೆ ಕನ್ನಡದ ಮಾತು ಹುಡುಕಿದರೆ, ‘ಹೊರೆ’ ತೆರಿಗೆಗೆ ಹೋಯಿತು, ‘ಹೇರಿಕೆ’ ಭಾಷೆಯ ಜಗಳಕ್ಕೆ. ‘ಹೇರು’ ಮಾತ್ರ ನಮ್ಮಲ್ಲಿನ್ನೂ ಗಾಡಿಯ ಮೇಲೇ ಇದೆ: “ಹೇರು ವಾಲೈತಿ, ಹಗ್ಗ ಜಗ್ಗು.” ‘ಸೆಕ್ಯೂರ್’ಗೆ ‘ಬಂದೋಬಸ್ತ್’ ಚೆನ್ನಾಗಿ ಒಪ್ಪುತ್ತಿತ್ತು. ಪಾರಸಿ ಮೂಲದಲ್ಲಿ ಅದು ಕಟ್ಟುವುದು, ಬಿಗಿಯುವುದೇ. “ಬಂದೋಬಸ್ತ್ ಕಟ್ಟು” ಎಂದು ಹಳಬರು ಈಗಲೂ ಅನ್ನುತ್ತಾರೆ. ಪತ್ರಿಕೆಯವರು ಅದನ್ನು ಪೊಲೀಸರಿಗೆ ಬರೆದುಕೊಟ್ಟಿದ್ದಾರೆ, ಏನು ಮಾಡುವುದು!

ಮಾರ್ಗದರ್ಶಿಯಲ್ಲಿನ ‘ಮೋಟರ್‌ವೇ’ (ಬ್ರಿಟನ್ನಿನ ವೇಗದ ಹೆದ್ದಾರಿ) ಎಂಬ ಮಾತಿನ ಗೋಜಿಗೆ ನಾನು ಹೋಗಿಲ್ಲ. ಅಲ್ಲಿ ಟ್ರ್ಯಾಕ್ಟರಿಗೆ ಪ್ರವೇಶವೇ ಇಲ್ಲ, ನಮ್ಮಲ್ಲಿ ಎರಡು ಡಬ್ಬಿ (ಟ್ರೇಲರ್) ಕಟ್ಟಿಕೊಂಡು ಹೆದ್ದಾರಿಯಲ್ಲೇ ಸಾಗುತ್ತವೆ. ‘ಹೆದ್ದಾರಿ’ ಸಾಕು.

ಸದ್ಯ ‘ಬಿಗಿಯದ ಹೇರು’ ಎಂದು ಬರೆದಿದ್ದೇನೆ. ಬೆಳಗಾವಿ, ಚಿಕ್ಕೋಡಿ ಕಡೆ ‘ಹೇರು’ ಚಾಲಕರ ಬಾಯಲ್ಲಿದೆಯೇ, ಇಲ್ಲ ‘ಲೋಡ್’ ಅದನ್ನು ನುಂಗಿದೆಯೇ? ಕಟ್ಟು ಸಡಿಲಿ, ಇನ್ನೂ ಬೀಳದೆ ಓಲಾಡುವ ಹೇರಿಗೆ ನಿಮ್ಮಲ್ಲಿ ಬೇರೆ ಮಾತೇನಾದರೂ ಉಂಟೇ? ಚಕ್ಕಡಿ ಹೂಡಿದವರು ಮನೆಯಲ್ಲಿದ್ದರೆ ಒಂದು ಮಾತು ಕೇಳಿ ತಿಳಿಸಿ. ಕಬ್ಬು ನುರಿಸುವುದು ಶುರುವಾಗುವ ಮೊದಲೇ ಕರಪತ್ರ ಅಚ್ಚಿಗೆ ಹೋಗಬೇಕಿದೆ.