ಕ್ಲೋಸ್‌ಡಿರ್ ಆದಮೇಲೆ ಕ್ಲೋಸ್ ಕೂಡ ಕರೆಯಬೇಕಾ?

ಪ್ರಶ್ನೆ:
ಲಿನಕ್ಸ್‌ನಲ್ಲಿ ಸಿ ಪ್ರೋಗ್ರಾಂ. ಒಂದು ಫೋಲ್ಡರ್ ಒಳಗಿನ ಫೈಲ್‌ಗಳ ಸೈಜ್ ಕೂಡಿಸಬೇಕು, ಸಬ್‌ಫೋಲ್ಡರ್‌ಗಳೂ ಸೇರಿ. ಫೋಲ್ಡರ್ ತೆರೆಯುವ ಓಪನ್‌ಅಟ್‌ನಿಂದ ಬಂದ ಡಿಸ್ಕ್ರಿಪ್ಟರ್ (ತೆರೆದ ಫೈಲ್ ಅಥವಾ ಫೋಲ್ಡರ್‌ಗೆ ಲಿನಕ್ಸ್‌ನ ಕರ್ನಲ್ ಕೊಡುವ ನಂಬರ್) ಅನ್ನು ಎಫ್‌ಡಿಓಪನ್‌ಡಿರ್‌ಗೆ ಕೊಟ್ಟು ಓದುವ ಸ್ಟ್ರೀಮ್ ಪಡೆದು, ರೀಡ್‌ಡಿರ್ ಲೂಪ್ ಮುಗಿದ ಮೇಲೆ ಕ್ಲೋಸ್‌ಡಿರ್, ಆಮೇಲೆ ಕ್ಲೋಸ್ ಕರೆಯುತ್ತೇನೆ. ಕೊನೆಯ ಕ್ಲೋಸ್ 'ಬ್ಯಾಡ್ ಫೈಲ್ ಡಿಸ್ಕ್ರಿಪ್ಟರ್' ಅನ್ನುತ್ತದೆ. ಸುಮ್ನೆ ಬಿಟ್ಟುಬಿಡಬಹುದಾ? ಥ್ರೆಡ್ (ಒಂದೇ ಪ್ರೋಗ್ರಾಂನಲ್ಲಿ ಜೊತೆಜೊತೆಗೆ ಓಡುವ ಭಾಗ) ಹಾಕಿ ಓಡಿಸಿದರೆ ಇನ್ನೊಂದು ಥ್ರೆಡ್ ಬರೆಯುವ ಲಾಗ್ ಫೈಲ್ ಕೆಲವೊಮ್ಮೆ ಅರ್ಧಕ್ಕೇ ನಿಲ್ಲುತ್ತದೆ. ಇವೆರಡಕ್ಕೂ ಸಂಬಂಧ ಇದೆಯಾ?

ಉತ್ತರ 1:
ಬಿಡಬೇಡಿ, ಖಂಡಿತ ಸಂಬಂಧ ಇದೆ. ಎಫ್‌ಡಿಓಪನ್‌ಡಿರ್ ಗೆದ್ದ ಮೇಲೆ ಡಿಸ್ಕ್ರಿಪ್ಟರ್ ಆ ಸ್ಟ್ರೀಮ್‌ಗೆ ಸೇರಿದ್ದು, ಕ್ಲೋಸ್‌ಡಿರ್ ಅದನ್ನೂ ಮುಚ್ಚುತ್ತದೆ. ಖಾಲಿ ಇರುವುದರಲ್ಲಿ ಅತಿ ಚಿಕ್ಕ ನಂಬರನ್ನೇ ಕರ್ನಲ್ ಮುಂದಿನವರಿಗೆ ಕೊಡುವುದು. ನಿಮ್ಮದು 7 ಆಗಿತ್ತು ಅಂದುಕೊಳ್ಳಿ. ಕ್ಲೋಸ್‌ಡಿರ್ ಮತ್ತು ಕ್ಲೋಸ್ ನಡುವಿನ ಆ ಚೂರು ಸಮಯದಲ್ಲಿ ಇನ್ನೊಂದು ಥ್ರೆಡ್ ಲಾಗ್ ತೆರೆದರೆ ಅದಕ್ಕೂ 7 ಸಿಗಬಹುದು, ಆಗ ನಿಮ್ಮ ಕ್ಲೋಸ್ ಎರರ್ ಇಲ್ಲದೆ ಅವರ ಲಾಗ್ ಮುಚ್ಚಿಬಿಡುತ್ತದೆ. ಎರರ್ ಬಂದಾಗಲೇ ನೀವು ಬಚಾವ್! ಎಫ್‌ಡಿಓಪನ್‌ಡಿರ್ ಸೋತು ನಲ್ (ಖಾಲಿ ಪಾಯಿಂಟರ್) ಕೊಟ್ಟರೆ ಮಾತ್ರ ನೀವೇ ಕ್ಲೋಸ್ ಮಾಡಬೇಕು.

ಪ್ರಶ್ನೆ ಕೇಳಿದವರು:
ಕ್ಲೋಸ್ ತೆಗೆದೆ, ಲಾಗ್ ಈಗ ಸರಿಯಾಗಿದೆ, ಥ್ಯಾಂಕ್ಸ್. ಆದರೆ ಅದೇ ಫೋಲ್ಡರನ್ನು ಎರಡನೇ ಸಲ ಓದಬೇಕು. ಮೊದಲೇ ಡಿಸ್ಕ್ರಿಪ್ಟರನ್ನು ಡಪ್ (ನಕಲು) ಮಾಡಿಟ್ಟುಕೊಂಡೆ, ಅದರ ಮೇಲೆ ಹೊಸ ಸ್ಟ್ರೀಮ್ ತೆರೆದರೆ ರೀಡ್‌ಡಿರ್ ಶುರುವಿಗೇ ನಲ್ ಕೊಡುತ್ತದೆ. ಫೋಲ್ಡರ್ ಖಾಲಿ ಇಲ್ಲ.

ಉತ್ತರ 2:
ಡಪ್ ಕೊಡುವುದು ಇನ್ನೊಂದು ನಂಬರ್ ಅಷ್ಟೇ. ಓದಿದ ಜಾಗದ ಲೆಕ್ಕ ಎರಡಕ್ಕೂ ಒಂದೇ, ಮೊದಲನೆಯದು ಕೊನೆ ಮುಟ್ಟಿದೆ ಅಂದರೆ ಎರಡನೆಯದೂ ಅಲ್ಲೇ ನಿಂತಿರುತ್ತದೆ. ಒಂದಾದ ಮೇಲೆ ಒಂದು ಓದುವುದಾದರೆ ಸ್ಟ್ರೀಮನ್ನು ಶುರುವಿಗೆ ಮರಳಿಸುವ ರಿವೈಂಡ್‌ಡಿರ್ ಸಾಕು. ನಾನಾದರೆ ಡಪ್ ಬದಲು ಓಪನ್‌ಅಟ್‌ಗೆ ಆ ಡಿಸ್ಕ್ರಿಪ್ಟರ್ ಮತ್ತು "." ಕೊಟ್ಟು ಹೊಸದಾಗಿ ತೆರೆಯುತ್ತೇನೆ, ಅದರ ಲೆಕ್ಕ ಬೇರೆಯೇ ಇರುತ್ತದೆ. ಬರೀ ಫೈಲಿನ ಸೈಜ್ ಮುಂತಾದ ಮಾಹಿತಿ ಕೊಡುವ ಎಫ್‌ಸ್ಟ್ಯಾಟ್‌ಅಟ್‌ಗೆ ಬೇಕಿದ್ದರೆ ಇದ್ಯಾವುದೂ ಬೇಡ, ಡಿರ್‌ಎಫ್‌ಡಿ ಕರೆದರೆ ಸ್ಟ್ರೀಮಿನ ನಂಬರ್ ಸಿಗುತ್ತದೆ. ಅದನ್ನೂ ಮುಚ್ಚಬೇಡಿ ಮತ್ತೆ.

ಉತ್ತರ 3:
ಇನ್ನೊಂದು ವಿಷಯ, ರೀಡ್‌ಡಿರ್ ಮುಗಿದಾಗಲೂ ನಲ್, ಎರರ್ ಆದಾಗಲೂ ನಲ್. ಪ್ರತಿ ಸಲ ಕರೆಯುವ ಮುಂಚೆ ಎರ್‌ನೋ (ಎರರ್ ನಂಬರ್ ಇರುವ ವೇರಿಯಬಲ್) 0 ಮಾಡಿಕೊಳ್ಳಿ, ನಲ್ ಬಂದಾಗ ಅದು 0 ಆಗೇ ಇದ್ದರೆ ಮುಗಿದಿದೆ ಅಂತ, ಇಲ್ಲದಿದ್ದರೆ ಎರರ್. ನಿಮ್ಮ ರಿಕರ್ಶನ್‌ನಲ್ಲಿ (ಸಬ್‌ಫೋಲ್ಡರ್‌ಗೂ ಅದೇ ಫಂಕ್ಷನ್ ಮತ್ತೆ ಕರೆಯುವಾಗ) ಒಂದೊಂದು ಹಂತಕ್ಕೂ ಒಂದು ಡಿಸ್ಕ್ರಿಪ್ಟರ್ ತೆರೆದೇ ಇರುತ್ತದೆ, ಸಾಮಾನ್ಯವಾಗಿ ಮಿತಿ 1024. ಬರೀ ಸೈಜ್ ಕೂಡಿಸಲು ಇಷ್ಟೆಲ್ಲ ಯಾಕೆ, ಸಬ್‌ಫೋಲ್ಡರ್‌ಗಳನ್ನೂ ತಾನೇ ಸುತ್ತಿಬರುವ ಎನ್‌ಎಫ್‌ಟಿಡಬ್ಲ್ಯೂ ಬಳಸಿ, ಎಷ್ಟು ಡಿಸ್ಕ್ರಿಪ್ಟರ್ ಬಳಸಬಹುದು ಅಂತ ನೀವೇ ಹೇಳಬಹುದು. ಒಂದೇ ತಲೆನೋವು, ನಿಮ್ಮ ಕಾಲ್‌ಬ್ಯಾಕ್‌ಗೆ (ಪ್ರತಿ ಫೈಲಿಗೂ ಅದು ಕರೆಯುವ ನಿಮ್ಮ ಫಂಕ್ಷನ್) ಸ್ವಂತ ಪಾಯಿಂಟರ್ ಕಳಿಸಲು ಅದರಲ್ಲಿ ಜಾಗ ಇಲ್ಲ, ಹಾಗಾಗಿ ಟೋಟಲ್ ಇಡುವ ವೇರಿಯಬಲ್ ಥ್ರೆಡ್-ಲೋಕಲ್ (ಪ್ರತಿ ಥ್ರೆಡ್‌ಗೂ ಬೇರೆ ಬೇರೆ) ಮಾಡಿಕೊಳ್ಳಿ.