ಈ ವಾರದ ಸಮಸ್ಯೆ: ಕಾಣದಾನೆಯ ತೂಕ ಹೇಳಿತ್ತು ನೊಣವು

ಸಮಸ್ಯೆ ಕೊಟ್ಟವರು:

ಗೆಳೆಯರೇ, ಈ ಸಲದ ಸಮಸ್ಯೆ ಆಕಾಶದ್ದು. ಗ್ಯಾಲಕ್ಸಿಗಳ ನಡುಮಧ್ಯದಲ್ಲಿ ಕೂತು ಬೆಳಕನ್ನೂ ಹೊರಬಿಡದ ಭಾರೀ ಕಪ್ಪುಕುಳಿಗಳ ಬಗ್ಗೆ ಪೂರಣ ಬರಲಿ. ಪದ್ಯದ ಕೊನೆಯ ಸಾಲು ಇದು, ಮುಂಚಿನ ಮೂರು ಸಾಲು ನೀವು ಕಟ್ಟಬೇಕು:

ಕಾಣದಾನೆಯ ತೂಕ ಹೇಳಿತ್ತು ನೊಣವು

ಐದು ಮಾತ್ರೆಯ ನಡೆ, ನಾಲ್ಕು ಸಾಲು. ಒಂದನೆಯ ಮತ್ತು ಮೂರನೆಯ ಸಾಲಿಗೆ ನಾಲ್ಕು ಗಣ. ಎರಡು ಮತ್ತು ನಾಲ್ಕರಲ್ಲಿ ಮೂರು ಗಣ, ಕೊನೆಗೆ ಮೂರು ಮಾತ್ರೆ. ಆದಿಪ್ರಾಸ ಬೇಕೇ ಬೇಕು, ಪ್ರತಿ ಸಾಲಿನ ಎರಡನೆಯ ಅಕ್ಷರ ‘ಣ’ಕಾರ. ಕಪ್ಪುಕುಳಿಗೆ ಇನ್ನೊಂದು ಹೆಸರಾದ ‘ಕೃಷ್ಣರಂಧ್ರ’ ಆರು ಮಾತ್ರೆ, ಗಣದೊಳಗೆ ಕೂರುವುದಿಲ್ಲ. ‘ಕಪ್ಪುಕುಳಿ’ ಸರಿಯಾಗಿ ಐದು. ನನಗಂತೂ ಈ ಪದವೇ ಜಾಸ್ತಿ ಇಷ್ಟ.

ಒಂದು ಸುಳಿವು ಕೊಡುತ್ತೇನೆ. ಸಾಲು ಬಿಡಿಸುವಾಗ ಸಂಧಿಯ ಮೇಲೆ ಒಂದು ಕಣ್ಣಿರಲಿ.

ಮೊದಲ ಪೂರಣ:

ಮೇಷ್ಟ್ರೇ, ಸಾಲು ಓದಿದ ಕೂಡಲೇ ನೆನಪಾಗಿದ್ದು ನಮ್ಮ ಗ್ಯಾಲಕ್ಸಿಯ ನಡುವಿನ ಕಪ್ಪುಕುಳಿಯನ್ನು ಸುತ್ತುವ ಎಸ್2 ನಕ್ಷತ್ರ.

ಕಾಣದಿಹ ಗುಂಡಿಯನು ಹದಿನಾರು ವರುಷಕ್ಕೆ
ಗೋಣ ಬಾಗಿಸಿ ಸುತ್ತಿ ಬಂತೊಂದು ಚುಕ್ಕಿ
ಜಾಣರಾ ಹಾದಿಯನು ಬರೆದು ಲೆಕ್ಕಿಸಿದಾಗ
ಕಾಣದಾನೆಯ ತೂಕ ಹೇಳಿತ್ತು ನೊಣವು

ನಮ್ಮ ಗ್ಯಾಲಕ್ಸಿಯಾದ ಹಾಲುಹಾದಿಯ ನಡುಮಧ್ಯ ಧನು ರಾಶಿಯ ದಿಕ್ಕಿನಲ್ಲಿದೆ. ದೂರ ಸುಮಾರು 26,000 ಜ್ಯೋತಿರ್ವರ್ಷ. ನಡುವೆ ದೂಳು ತುಂಬಿರುವುದರಿಂದ ಮಾಮೂಲಿ ಬೆಳಕಿನಲ್ಲಿ ಏನೂ ಕಾಣದು. ಅದಕ್ಕೇ ಅವಗೆಂಪು ಬೆಳಕಿನಲ್ಲಿ ನೋಡಿದರು. ಖಗೋಳವಿಜ್ಞಾನಿ ರೈನ್‌ಹಾರ್ಡ್ ಗೆಂಜೆಲ್ ತಂಡ ಚಿಲಿಯ ದೂರದರ್ಶಕಗಳಿಂದ, ಆಂಡ್ರಿಯಾ ಗೆಜ್ ತಂಡ ಹವಾಯಿಯ ಕೆಕ್ ದೂರದರ್ಶಕದಿಂದ, 1990ರ ದಶಕದಿಂದ ಬಿಡದೆ ಕಾದರು. ಎಸ್2 ಅಲ್ಲೊಂದು ಖಾಲಿ ಜಾಗವನ್ನು ಸುತ್ತುತ್ತಿತ್ತು. 2018ರ ಮೇ ತಿಂಗಳಲ್ಲಿ ತೀರಾ ಹತ್ತಿರ ಹೋದಾಗ ಅದರ ವೇಗ ಸೆಕೆಂಡಿಗೆ 7,600 ಕಿಲೋಮೀಟರಿಗೂ ಹೆಚ್ಚು. ಆ ಓಟದಿಂದಲೇ ಲೆಕ್ಕ ಸಿಕ್ಕಿತು: ಆ ಖಾಲಿ ಜಾಗದ ತೂಕ ಸುಮಾರು 43 ಲಕ್ಷ ಸೂರ್ಯರಷ್ಟು! 2020ರಲ್ಲಿ ಇಬ್ಬರಿಗೂ ನೊಬೆಲ್ ಬಂತು, ರೋಜರ್ ಪೆನ್ರೋಸ್ ಜೊತೆಯಲ್ಲಿ.

ಸಮಸ್ಯೆ ಕೊಟ್ಟವರು:

ಸೊಗಸಾಗಿದೆ ಅಕ್ಕಾ. ‘ಗೋಣ ಬಾಗಿಸಿ’ ತುಂಬಾ ಹಿಡಿಸಿತು. ಆ ಹಾದಿ ಗುಂಡಗಿಲ್ಲ, ಉದ್ದನೆಯ ಮೊಟ್ಟೆಯ ಹಾಗೆ. ಹತ್ತಿರ ಬಂದಾಗ ಚುಕ್ಕಿ ನಿಜಕ್ಕೂ ಸರಕ್ಕನೆ ಗೋಣು ತಿರುಗಿಸುತ್ತದೆ.

ಎರಡನೆಯ ಪೂರಣ:

ಸರ್, ಇದು ನನ್ನ ಮೊದಲ ಪ್ರಯತ್ನ. ತಪ್ಪಿದ್ದರೆ ತಿದ್ದಿ.

ಬಾನಿನಲಿ ಉಂಗುರದ ಹಾಗೆ ಹೊಳೆಯಿತು ಬೆಂಕಿ
ಕೋಣೆಗತ್ತಲ ಸುತ್ತ ಬಿಗಿದಂತೆ ಸುರುಳಿ
ಗೇಣಿನಲಿ ಅದರಗಲ ಅಳೆದು ನೋಡಿದರಾಗ
ಕಾಣದಾನೆಯ ತೂಕ ಹೇಳಿತ್ತು ನೊಣವು

ಇದು ಎಂ87 ಎಂಬ ದೂರದ ಗ್ಯಾಲಕ್ಸಿಯ ಕಪ್ಪುಕುಳಿಯದು. 2019ರ ಏಪ್ರಿಲ್ 10ರಂದು ಬಂದ ಆ ಕಿತ್ತಳೆ ಉಂಗುರದ ಚಿತ್ರ ನೋಡಿ ಅವತ್ತು ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ.

ಸಮಸ್ಯೆ ಕೊಟ್ಟವರು:

ತಮ್ಮಾ, ನಡೆ ಎಲ್ಲೂ ಎಡವಿಲ್ಲ. ಮೊದಲ ಸಾಲಲ್ಲಿ ಮಾತ್ರ ಪ್ರಾಸ ತಪ್ಪಿದೆ, ‘ನ’ಕ್ಕೂ ‘ಣ’ಕ್ಕೂ ಹೊಂದದು. ‘ಮಾಣಿಕದ ಉಂಗುರದ’ ಅಂತ ಮಾಡು. ಪ್ರಾಸವೂ ಕೂತಿತು, ಬಣ್ಣವೂ ಬಂತು.

ಅಗಲದಿಂದ ತೂಕ ತಿಳಿಯುವುದು ನಿಜ. ಕಪ್ಪುಕುಳಿ ಎರಡರಷ್ಟು ಭಾರವಾದರೆ ಅದರ ಗಡಿಯೂ ಎರಡರಷ್ಟು ಅಗಲ. ಎಂ87ರ ಕುಳಿಯ ತೂಕಕ್ಕೆ ಈ ಚಿತ್ರ ಬರುವ ಮುಂಚೆ ಎರಡು ಲೆಕ್ಕಗಳಿದ್ದವು. ಅನಿಲದ ವೇಗ ಒಂದು ತೂಕ ಹೇಳಿದರೆ, ನಕ್ಷತ್ರಗಳ ವೇಗ ಅದರ ಹೆಚ್ಚುಕಡಿಮೆ ಇಮ್ಮಡಿ ಹೇಳುತ್ತಿತ್ತು. ಉಂಗುರದ ಅಗಲ ನಕ್ಷತ್ರಗಳ ಪರ ನಿಂತಿತು: 650 ಕೋಟಿ ಸೂರ್ಯರಷ್ಟು. ಆದರೆ ನಿನ್ನ ಪದ್ಯದಲ್ಲಿ ನೊಣ ಯಾರು? ಉಂಗುರವೇ ನೊಣ ಅನ್ನಬೇಕು. 5.5 ಕೋಟಿ ಜ್ಯೋತಿರ್ವರ್ಷ ದೂರದಿಂದ ಅದು ಚಂದ್ರನ ಮೇಲಿಟ್ಟ ಕಿತ್ತಳೆ ಹಣ್ಣಿನಷ್ಟೇ ಕಾಣುತ್ತದೆ, ಹಾಗಾಗಿ ಒಪ್ಪಬಹುದು. ಅದನ್ನು ಪದ್ಯವೇ ಹೇಳಿದ್ದರೆ ಇನ್ನೂ ಚೆನ್ನಾಗಿತ್ತು. ಬರೆಯುತ್ತಾ ಇರು.

ಮೂರನೆಯ ಪೂರಣ:

ಮೇಷ್ಟ್ರು ಸಂಧಿ ಅಂದಿದ್ದನ್ನೇ ಹಿಡಿದು ಎರಡು ದಿನ ಕೂತೆ. ‘ಕಾಣದ ಆನೆ’ ಅಂತಲೇ ಯಾಕೆ ಬಿಡಿಸಬೇಕು? ‘ಕಾಣದೆ, ಆನೆಯ ತೂಕ’ ಅಂತಲೂ ಬಿಡಿಸಬಹುದಲ್ವಾ? ಲೋಪಸಂಧಿ. ಆಗ ಕಾಣದೆ ಇರುವುದು ನೊಣ! ನೊಣ ಅಂದರೆ ಕಪ್ಪುಕುಳಿ, ಆನೆ ಅಂದರೆ ಗ್ಯಾಲಕ್ಸಿ.

ಗೇಣುದ್ದದೀ ಕಪ್ಪುಕುಳಿ ನಡುವೆ ಕುಳಿತಿಹುದು
ಓಣಿಯೋಣಿಗು ಸುತ್ತ ಚುಕ್ಕಿಗಳ ಸಂತೆ
ಪ್ರಾಣವೊಂದೇ ಎನುವ ತೆರದಿ ಬೆಳೆದಿಹವೆರಡು
ಕಾಣದಾನೆಯ ತೂಕ ಹೇಳಿತ್ತು ನೊಣವು

ಸಮಸ್ಯೆ ಕೊಟ್ಟವರು:

ನಾನು ಕಾಯುತ್ತಿದ್ದದ್ದು ಇದಕ್ಕೇ. ಓದಿ ಮೈ ಜುಮ್ಮೆಂದಿತು.

‘ಗೇಣುದ್ದ’ ಬರೀ ಅಲಂಕಾರವಲ್ಲ. ನಮ್ಮ ಹಾಲುಹಾದಿಯ ಕಪ್ಪುಕುಳಿಯನ್ನು ಬುಧ ಗ್ರಹದ ಕಕ್ಷೆಯೊಳಗೆ ಇಟ್ಟರೂ ಸುತ್ತ ಜಾಗ ಮಿಕ್ಕುತ್ತದೆ. ಗ್ಯಾಲಕ್ಸಿಯ ಅಗಲವೋ, ಲಕ್ಷ ಜ್ಯೋತಿರ್ವರ್ಷದ ಆಸುಪಾಸು. ಕುಳಿಯ ಸೆಳೆತ ಮೇಲುಗೈ ಪಡೆಯುವುದು ಸುತ್ತಲಿನ ಕೆಲವೇ ಜ್ಯೋತಿರ್ವರ್ಷದಲ್ಲಿ. ಅದರಾಚೆಯ ನಕ್ಷತ್ರಕ್ಕೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹಾಗಿದ್ದೂ 2000ದಲ್ಲಿ ಎರಡು ತಂಡಗಳು ಒಂದು ವಿಚಿತ್ರ ಹೊಂದಿಕೆ ತೋರಿಸಿದವು. ಗ್ಯಾಲಕ್ಸಿಯ ಉಬ್ಬಿದ ನಡುಭಾಗದಲ್ಲಿ ನಕ್ಷತ್ರಗಳು ಎಷ್ಟು ಜೋರಾಗಿ ಓಡಾಡುತ್ತವೋ, ಕುಳಿ ಅಷ್ಟಕ್ಕೆ ತಕ್ಕ ಹಾಗೆ ಭಾರ. ಒಂದರ ಅಳತೆ ಗೊತ್ತಾದರೆ ಇನ್ನೊಂದನ್ನು ಊಹಿಸಬಹುದು. ಕುಳಿಯ ತೂಕ ಆ ಉಬ್ಬಿನ ತೂಕದ ಸಾವಿರದಲ್ಲೊಂದು ಪಾಲಿನ ಆಸುಪಾಸು. ನಮ್ಮಲ್ಲಿ ಅದಕ್ಕಿಂತಲೂ ಕಡಿಮೆ.

ಸಾವಿರದಲ್ಲೊಂದು ಪಾಲು ಉಳಿದದ್ದನ್ನೆಲ್ಲ ಹೇಗೆ ಹಿಡಿತದಲ್ಲಿಟ್ಟಿತು? ಒಂದು ವಿವರಣೆ ಹೀಗಿದೆ. ಕುಳಿಗೆ ಬೀಳುವ ಅನಿಲ ಸುತ್ತುತ್ತಾ ಕಾದು ಬೆಳಗುತ್ತದೆ. ಆ ಬೆಳಕು, ಆ ಬಿಸಿಗಾಳಿ ಸುತ್ತಲಿನ ಅನಿಲವನ್ನು ಹೊರಗೆ ತಳ್ಳುತ್ತದೆ. ಅನಿಲ ಹೋದರೆ ಹೊಸ ನಕ್ಷತ್ರ ಹುಟ್ಟುವುದಿಲ್ಲ, ಕುಳಿಗೂ ಊಟವಿಲ್ಲ. ಉಣ್ಣಲು ಕೂತವನೇ ಒಲೆ ಆರಿಸಿದ ಹಾಗೆ. ಗ್ಯಾಲಕ್ಸಿಗಳು ಒಂದರೊಳಗೊಂದು ಬೆರೆಯುವಾಗ ಅವುಗಳ ಕುಳಿಗಳೂ ಕೂಡುವುದರಿಂದ ಹೊಂದಿಕೆ ಬರುತ್ತದೆ ಎನ್ನುವವರೂ ಇದ್ದಾರೆ. ಎರಡೂ ಸೇರಿರಬಹುದು. ನಿಮ್ಮ ‘ಪ್ರಾಣವೊಂದೇ’ ಎರಡಕ್ಕೂ ಒಪ್ಪುತ್ತದೆ.

ಮೊದಲ ಪೂರಣದವರು:

ಆದರೆ ಮೇಷ್ಟ್ರೇ, 2023ರಲ್ಲಿ ಯುಎಚ್‌ಝಡ್1 ಎಂಬ ಗ್ಯಾಲಕ್ಸಿಯಲ್ಲಿ ಕಪ್ಪುಕುಳಿ ಸಿಕ್ಕಿತಲ್ಲ? ವೆಬ್ ಮತ್ತು ಚಂದ್ರಾ ಎಂಬ ಬಾಹ್ಯಾಕಾಶ ದೂರದರ್ಶಕಗಳು ಸೇರಿ ಕಂಡದ್ದು. ಮಹಾಸ್ಫೋಟವಾಗಿ ಬರೀ 47 ಕೋಟಿ ವರ್ಷ ಕಳೆದಾಗಿನ ಗ್ಯಾಲಕ್ಸಿ. ಅಲ್ಲಿ ಕುಳಿಯ ತೂಕ ನಕ್ಷತ್ರಗಳೆಲ್ಲದರ ತೂಕಕ್ಕೆ ಹೆಚ್ಚುಕಡಿಮೆ ಸಮ ಅನ್ನುತ್ತಾರೆ. ಅಲ್ಲಿ ಆನೆ ಯಾವುದು, ನೊಣ ಯಾವುದು?

ಸಮಸ್ಯೆ ಕೊಟ್ಟವರು:

ಮುಂದಿನ ವಾರದ ಸಮಸ್ಯೆಯನ್ನು ನೀವೇ ಕೊಟ್ಟಿರಿ ಅಕ್ಕಾ. ನಡೆ ಇದೇ, ಪ್ರಾಸ ಮತ್ತೆ ‘ಣ’. ಆದರೆ ಈ ಸಲ ಮೊದಲಕ್ಷರ ಹ್ರಸ್ವ.

ನೊಣವಾನೆಯಷ್ಟಿದ್ದ ಕಾಲವೊಂದಿತ್ತು